ಟೊಳ್ಳಿಗೊಂದು ಗುರುತು

ನಾನು ದೆವ್ವಗಿವ್ವ ನಂಬುವವನಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ. ಮನೆ ಮಾರುವ ಮುಂಚೆ ತಪಾಸಣೆಗೆಂದು ಒಬ್ಬ ಇಂಜಿನಿಯರನ್ನು ಕರೆಸಿದ್ದೆವು. ಹಾಡುಹಗಲು, ಹನ್ನೊಂದು ಗಂಟೆ. ಅವರು ಪುಟ್ಟ ಸುತ್ತಿಗೆಯಿಂದ ನೆಲದ ಟೈಲುಗಳನ್ನು ಒಂದೊಂದಾಗಿ ತಟ್ಟುತ್ತಾ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕುತ್ತಿದ್ದರು.

ಹಾಲ್ ಮುಗಿಯುವ ಮೊದಲೇ ಒಳಕೋಣೆಯಿಂದಲೂ ಟಕ್ ಟಕ್ ಕೇಳಿಸಿತು.

"ಒಳಗೆ ಯಾರಿದ್ದಾರೆ?" ಎಂದರು.

"ಯಾರೂ ಇಲ್ವಲ್ಲ," ಎಂದೆ.

ಅಲ್ಲಿದ್ದ ಟೊಳ್ಳು ಟೈಲು ಕಾಣದಿರಲೆಂದು ನನ್ನ ಹೆಂಡತಿ ಬೆಳಗ್ಗೆಯೇ ಚಾಪೆ ಹಾಸಿದ್ದಳು. ಹೋಗಿ ನೋಡಿದರೆ ಚಾಪೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿತ್ತು. ಟೈಲಿನ ಮೇಲೆ ಬಿಳಿ ಕತ್ತರಿ ಗುರುತು.

ಇಂಜಿನಿಯರು ತಟ್ಟಿ ನೋಡಿ, "ಗುರುತೇನೋ ಸರಿಯಾಗೇ ಇದೆ," ಎಂದು ಬರೆದುಕೊಂಡರು. ಆಮೇಲೆ ತಮ್ಮ ಕೈಯಲ್ಲಿದ್ದ ಸೀಮೆಸುಣ್ಣವನ್ನೇ ದಿಟ್ಟಿಸಿ, ಟೀ ಕೂಡ ಕುಡಿಯದೆ ಹೊರಟುಬಿಟ್ಟರು.

ಗೇಟು ದಾಟುವಾಗ ಅವರ ಅಂಗಿಯ ಬೆನ್ನ ಮೇಲೊಂದು ಕತ್ತರಿ ಗುರುತು ಕಂಡಿತು. ನಾನು ಬಿದ್ದು ಬಿದ್ದು ನಕ್ಕೆ. ಹೆಂಡತಿ ನಗಲಿಲ್ಲ.

"ನೀವೂ ತಿರುಗಿ ರೀ."

ನನ್ನ ಅಂಗಿಯ ಮೇಲೆ ಏನೂ ಇರಲಿಲ್ಲ. ಸಮಾಧಾನವಾಗದೆ ಅಂಗಿ ಎತ್ತಿ ನೋಡಿದಳು. ಗುರುತು ಬರಿ ಬೆನ್ನ ಮೇಲಿತ್ತು. ಬೆರಳ ಗೆಣ್ಣಿನಿಂದ ತಟ್ಟಿದಳು. ಒಳಕೋಣೆಯ ಟೈಲಿನದೇ ಸದ್ದು.

"ಕೊಳ್ಳೋರು ಬಂದಾಗ ಗೋಡೆಗೆ ಒರಗಿ ನಿಂತ್ಕೊಂಡುಬಿಡಿ," ಎಂದಳು.

ಮೊನ್ನೆ ಕೊಳ್ಳುವವರು ಬಂದರು. ಹೇಳಿದಂತೆ ಒರಗಿ ನಿಂತೆ. ಗೋಡೆಯೊಳಗಿನಿಂದ ಯಾರೋ ನನ್ನ ಬೆನ್ನಿಗೆ ಎರಡು ಸಲ ತಟ್ಟಿ ನೋಡಿದರು.