ಮೇಷ್ಟ್ರ ಕಾಲಡಿಯ ಬ್ರೇಕು

"ಬ್ರೇಕ್ ಬಿಡಿ ಮೇಡಂ..."

"ಆಗ್ತಿಲ್ಲ!"

ಹಿಂದೆ ಹಾರ್ನ್‌ಗಳ ಗಲಾಟೆ. ಸ್ಟಿಯರಿಂಗ್ ಹಿಡಿದ ಅವಳ ಬೆರಳುಗಳು ತಣ್ಣಗಾಗಿದ್ದವು. ದಿನವಿಡೀ ಜನರ ರಕ್ತ ತೆಗೆಯುವ ಲ್ಯಾಬಿನವಳು. ಸೂಜಿ ಹಿಡಿದರೆ ಕೈ ಒಂದಿಷ್ಟೂ ಅಲುಗದು. ಆದರೆ ಎರಡು ವರ್ಷದ ಹಿಂದೆ ಅವಳು ಓಡಿಸುತ್ತಿದ್ದ ಕಾರು ಗೋಡೆಗೆ ಗುದ್ದಿ, ಪಕ್ಕದಲ್ಲಿದ್ದ ಅಮ್ಮನ ಕಾಲು ಮುರಿದಿತ್ತು. ಅಂದಿನಿಂದ ಈ ಸೀಟಿನಲ್ಲಿ ಕೂತರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು.

ಡ್ರೈವಿಂಗ್ ಮೇಷ್ಟ್ರು ಗದರಲಿಲ್ಲ. ಕಲಿಸುವ ಕಾರಾದ್ದರಿಂದ ಅವನ ಕಾಲಡಿಯೂ ಒಂದು ಬ್ರೇಕಿತ್ತು. ಕಾರು ಜಾರದಂತೆ ಅದನ್ನು ಮೆತ್ತಗೆ ಒತ್ತಿ ಹಿಡಿದ.

"ಹೆದರಿದ ಮೈಗೆ ಬುದ್ಧಿಮಾತು ಕೇಳ್ಸಲ್ಲ, ಉಸಿರು ಕೇಳ್ಸುತ್ತೆ. ಉದ್ದಕ್ಕೆ ಬಿಡಿ... ಇನ್ನೂ ಉದ್ದ... ಈಗ ಎದುರಿನ ಬೋರ್ಡ್ ಜೋರಾಗಿ ಓದಿ."

"ಹಳೆಯ... ಮಿಕ್ಸಿ ರಿಪೇರಿ ಮಾಡಲಾಗುತ್ತದೆ."

"ನೋಡಿ, ಹಳೇ ಮಿಕ್ಸಿನೇ ಸರಿಹೋಗುತ್ತಂತೆ. ನಾವು ಹೋಗಲ್ವಾ?"

ಅವಳು ನಕ್ಕುಬಿಟ್ಟಳು! ಕಾರು ಹೊರಟಿತು.

ಆರು ವಾರ ಬೋರ್ಡು ಓದುತ್ತ ಊರೆಲ್ಲ ಸುತ್ತಿದಳು. ಅವನು 'ಸೂಜಿ ಮೇಡಂ' ಎಂದಾಗಲೆಲ್ಲ ಎದೆ ಬೇರೆಯೇ ರೀತಿ ಹೊಡೆದುಕೊಳ್ಳುತ್ತಿತ್ತು. ಉಸಿರು ಎಷ್ಟು ಉದ್ದ ಬಿಟ್ಟರೂ ಅದು ತಗ್ಗಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಬೇರೊಬ್ಬ ಮೇಷ್ಟ್ರು!

"ಅವ್ರು ಇನ್ಮೇಲೆ ನಿಮ್ಗೆ ಕಲಿಸಲ್ವಂತೆ."

ಕೊನೆಯ ಪಾಠದಲ್ಲಿ ಅವಳ ತಪ್ಪಿಲ್ಲದಿದ್ದರೂ ಅವನು ಮೂರು ಸಲ ಬ್ರೇಕ್ ಒತ್ತಿದ್ದ. 'ನನ್ನ ಮೇಲೆ ನಂಬಿಕೆಯೇ ಇಲ್ಲ ಅವನಿಗೆ...' ಎಂದುಕೊಂಡಳು.

ಲೈಸೆನ್ಸ್ ಸಿಕ್ಕ ದಿನವೂ ಕಣ್ಣು ಅವನನ್ನೇ ಹುಡುಕಿತು. ದಾರಿಯ ಪ್ರತಿ ಬೋರ್ಡಿನಲ್ಲೂ ಅವನದೇ ದನಿ. ಕೊನೆಗೆ, ಅವಳು ಓಡಿಸಿದ ಕಾರಿನಲ್ಲಿ ಆಸ್ಪತ್ರೆಗೆ ಹೋಗಿಬಂದ ಅಮ್ಮನೇ ರೇಗಿದಳು. "ಇಷ್ಟು ಚೆನ್ನಾಗಿ ಓಡಿಸ್ತೀಯ, ಮುಖ ಮಾತ್ರ ಸಪ್ಪೆ! ಹೋಗಿ ಕೇಳ್ಬಾರ್ದಾ ಅವನನ್ನ?"

ಅವನು ಡ್ರೈವಿಂಗ್ ಸ್ಕೂಲಿನ ಕಾರು ತೊಳೆಯುತ್ತಿದ್ದ.

"ನಾನು ಅಷ್ಟು ಕೆಟ್ಟದಾಗಿ ಓಡಿಸ್ತಿದ್ನಾ?"

ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು.

"ಇಲ್ಲ... ಹೆದರಿದ್ದು ನಾನು. ಎದುರಿಗೆ ಲಾರಿ ಬಂದ್ರೆ, ನಿಮಗೇನಾದ್ರೂ ಆದ್ರೆ ಅಂತ ಎದೆ ಝಲ್ ಅನ್ನೋದು. ಕಾಲು ತಾನಾಗೇ ಬ್ರೇಕ್ ಮೇಲೆ... ಬೇರೆ ಯಾರಿಗೆ ಕಲಿಸುವಾಗ್ಲೂ ಹೀಗಾಗಿಲ್ಲ. ಇದು ಪ್ರೀತಿ ಅಲ್ದೆ ಇನ್ನೇನು, ಸೂಜಿ ಮೇಡಂ! ಇಂಥವನು ಪಾಠ ಹೇಳ್ಬಹುದಾ?"

ಅವಳ ಕಣ್ಣು ತುಂಬಿತು. ಈ ಮಾತಿಗಾಗಿ ಎಷ್ಟು ದಿನ ಕಾದಿದ್ದಳು! ಅದೇ ಕಾರಿನ ಸ್ಟಿಯರಿಂಗ್ ಹಿಂದೆ ಕೂತು, ಪಕ್ಕದ ಬಾಗಿಲು ತೆರೆದಳು.

"ಹತ್ತಿ. ಕಾಲು ಹಿಂದಕ್ಕಿಡಿ. ಉಸಿರು ಉದ್ದಕ್ಕೆ ಬಿಡಿ ಮೇಷ್ಟ್ರೇ."

ಅವನು ಎರಡೂ ಕಾಲನ್ನು ಸೀಟಿನಡಿಗೆ ಎಳೆದುಕೊಂಡ. "ಎಲ್ಲಿಗೆ?"

"ನಮ್ಮನೆಗೆ. ಅಮ್ಮ ನಿಮ್ಮನ್ನ ನೋಡ್ಬೇಕಂತೆ."

"ಅಯ್ಯೋ! ಒಂದೇ ಒಂದ್ಸಲ ಬ್ರೇಕ್ ಒತ್ಲಾ?"

"ಬೇಡ. ಬೋರ್ಡ್ ಓದಿ."

"ಹಳೆಯ ಮಿಕ್ಸಿ..." ಅವನ ದನಿ ನಡುಗಿತು. ಕಾಲು ಮಾತ್ರ ಬ್ರೇಕಿನ ಹತ್ತಿರ ಹೋಗಲಿಲ್ಲ.