ಮೇಲ್ ಹೋಗುವ ಮೊದಲೇ ಬಂದ ಉತ್ತರ

ಬೆಳಿಗ್ಗೆ ಒಂಬತ್ತಕ್ಕೆ ಚುಟುಕಮ್ಮ ಕಚೇರಿಯ ಬೀಗ ತೆಗೆಯುವಾಗ ಬಾಗಿಲ ಮುಂದೆ ಹನ್ನೊಂದು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನು. ಎಲ್ಲರಿಗಿಂತ ಮುಂದಿದ್ದ ಹೆಂಗಸು ಒಂದು ತಳ್ಳುಗಾಡಿ ತಂದಿದ್ದರು, ಜೊತೆಗೆ ಒಂದು ಸುರುಳಿ ಹಗ್ಗ.

"ಹೊಲಿಗೆ ಮಷಿನ್ ಕೊಡೋದು ಇಲ್ಲೇ ತಾನೆ?" ಎಂದು ಆಕೆ ಕೇಳಿದರು.

"ಯಾವ ಮಷಿನ್ ಅಮ್ಮ?"

ಆಕೆ ಫೋನು ಮುಂದೆ ಹಿಡಿದರು. ಚುಟುಕಮ್ಮ ಓದಿದಳು.

'ನೀವು ಗೆದ್ದ ಹೊಲಿಗೆ ಯಂತ್ರ ಸಿದ್ಧವಾಗಿದೆ — ಬಂದು ಒಯ್ಯಿರಿ.'

ಚುಟುಕಮ್ಮ ಎನ್ನುವುದು ಅವಳ ಹೆಸರಲ್ಲ. ಬೇರೆ ಬೇರೆ ಕಂಪನಿಗಳ ಬಹುಮಾನ ಸ್ಪರ್ಧೆಗಳ ಇ-ಮೇಲ್ ಕಳಿಸುವುದು ಈ ಕಚೇರಿಯ ಕಸುಬು. ಮೇಲ್ ತೆರೆಯುವ ಮೊದಲು ಕಣ್ಣಿಗೆ ಬೀಳುವ ಒಂದೇ ಒಂದು ಸಾಲು ಬರೆಯುವುದು ಅವಳ ಕೆಲಸ. ಆರು ಪದಕ್ಕೆ ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಾಳೆಂದು ಎಲ್ಲರೂ ಸೇರಿ ಇಟ್ಟ ಹೆಸರು ಅದು. ನಿನ್ನೆ ಅವಳು ಬರೆದಿದ್ದ ಸಾಲು ಇದಲ್ಲ. 'ಹೊಲಿಗೆ ಯಂತ್ರ ಗೆಲ್ಲುವ ಅವಕಾಶ — ಇಂದೇ ಸ್ಪರ್ಧೆಗೆ ಸೇರಿ' ಎಂದು ಬರೆದಿದ್ದಳು.

"ಒಳಗೆ ಪೂರ್ತಿ ಓದಿದ್ರಾ ಅಮ್ಮ?"

"ಗೆದ್ದಿದೀನಿ ಅಂತ ಮೇಲೇ ಇದೆಯಲ್ಲ, ಇನ್ನೇನು ಓದೋದು? ಕೆಳಗಿದ್ದ ಅಡ್ರೆಸ್ ನೋಡ್ಕೊಂಡು ಬಂದೆ." ಆಕೆ ನಕ್ಕರು. ಆಕೆ ಟೈಲರ್. ಏಳಕ್ಕೆ ಮೇಲ್ ಬಂದಿದೆ. ಊರಿಗೆ ಹೊರಟು ನಿಂತಿದ್ದ ನಾದಿನಿಗೆ ಎಂಟಕ್ಕೆ ತಮ್ಮ ಹಳೆಯ ಮಷಿನ್ ಕೊಟ್ಟು ಬಸ್ಸು ಹತ್ತಿಸಿದ್ದಾರೆ. "ಪಾಪ, ಎಷ್ಟು ವರ್ಷದಿಂದ ಆಸೆಪಡ್ತಿದ್ಳು. ನನಗೆ ಹೇಗೂ ಹೊಸದು ಬಂತಲ್ಲ."

ಚುಟುಕಮ್ಮ ಎಲ್ಲರನ್ನೂ ಮುಂದಿನ ಕೋಣೆಯ ಬೆಂಚುಗಳಲ್ಲಿ ಕೂರಿಸಿ ನೀರು ಕೊಟ್ಟಳು.

ಒಳಗೆ ಯಜಮಾನರ ಕೋಣೆಯಲ್ಲಿ ಐದು ಜನ ಸೇರಿದರು.

"ಮೇಲ್ ಹೋಗಿರೋದು ನಲವತ್ತು ಸಾವಿರ ಜನಕ್ಕೆ," ಎಂದರು ಯಜಮಾನರು. "ಯಾರು ಬದಲಾಯಿಸಿದ್ದು?"

ಕಂಪ್ಯೂಟರ್ ನೋಡಿಕೊಳ್ಳುವವನು ತಲೆ ಕೆರೆದುಕೊಂಡ. ಅವನನ್ನು ಎಲ್ಲರೂ ಕರೆಯುವುದು ವೈರಣ್ಣ ಎಂದೇ. "ನಿನ್ನೆ ಸಂಜೆ ಆರು ಐದಕ್ಕೆ ಬದಲಾಗಿದೆ ಸಾರ್. ಚುಟುಕಮ್ಮನ ಕಂಪ್ಯೂಟರಿಂದ, ಅವರ ಲಾಗಿನ್‌ನಿಂದ್ಲೇ."

"ಆರು ಐದಕ್ಕೆ ಎಲ್ಲಿದ್ರಿ?" ಯಜಮಾನರು ಅವಳತ್ತ ತಿರುಗಿದರು.

"ಕಂಪ್ಯೂಟರ್ ತೆರೆದೇ ಬಿಟ್ಟು ಕೆಳಗೆ ಚಹಾ ಕುಡೀತಿದ್ದೆ. ಹತ್ತು ನಿಮಿಷ."

"ಯಾರಾದ್ರೂ ನೋಡಿದಾರಾ?"

"ಇಲ್ಲ ಸಾರ್."

"ಹೋದ ವಾರ ನಾನೇನು ಹೇಳಿದ್ದೆ? ಈ ಸಲವೂ ಜನ ಮೇಲ್ ತೆರೀದಿದ್ರೆ ಬರೆಯೋರನ್ನೇ ಬದಲಾಯಿಸ್ತೀನಿ ಅಂದಿದ್ದೆ ತಾನೆ? ಹೆದರಿಕೊಂಡು ಹೀಗೆ ಮಾಡಿದ್ರಾ?"

ಕಾರಣವೂ ಅವಳದೇ, ಕಂಪ್ಯೂಟರೂ ಅವಳದೇ. ತಾನೇ ಯಜಮಾನರ ಕುರ್ಚಿಯಲ್ಲಿ ಕೂತಿದ್ದರೂ ಬೇರೆಯವರನ್ನು ಹಿಡಿಯುತ್ತಿರಲಿಲ್ಲ ಎನಿಸಿತು.

"ಹನ್ನೆರಡಕ್ಕೆ ಮಷಿನ್ ಕಂಪನಿಯವರಿಗೆ ತಪ್ಪು ಮಾಡಿದೋರ ಹೆಸರು ಹೇಳ್ಬೇಕು. ನಾಳೆಯಿಂದ ನೀವು—"

"ಹನ್ನೆರಡರ ತನಕ ಟೈಮ್ ಕೊಡಿ," ಎಂದರು ಮೂಲೆಯಲ್ಲಿದ್ದ ಟಪಾಲಕ್ಕ.

ಕಳಿಸಿದ ಮೇಲ್‌ಗೆ ಜನ ಬರೆಯುವ ಉತ್ತರಗಳನ್ನು ಓದುವುದು ಟಪಾಲಕ್ಕನ ಕೆಲಸ. ಬೈಗುಳ, ಹಾರೈಕೆ, ಮಗಳ ಮದುವೆಯ ಕರೆಯೋಲೆ, ಎಲ್ಲವೂ ಅವರ ಪೆಟ್ಟಿಗೆಗೇ ಬೀಳುತ್ತವೆ. ಬೇರೆ ಯಾರೂ ಅದರಲ್ಲಿ ಮೂಗು ತೂರಿಸುವುದಿಲ್ಲ.

"ಕೊಟ್ಟು ನೋಡಿ ಸಾರ್," ಎಂದರು ಮೇಷ್ಟ್ರು ಮೆಲ್ಲಗೆ. ಕಚೇರಿಯ ಹಿರಿಯ ಬರಹಗಾರ ಅವರು. ಚುಟುಕಮ್ಮನಿಗೆ ಸಾಲು ಬರೆಯಲು ಕಲಿಸಿದವರೂ ಅವರೇ. ಆ ಮಾತಿಗೆ ಅವಳ ಕಣ್ಣು ತುಂಬಿತು.

ಟಪಾಲಕ್ಕ ತಮ್ಮ ಮೇಜಿಗೆ ಹೋಗಿ ಕೂತರು. ಈ ಮೇಲ್‌ಗೆ ಆರುನೂರ ಹನ್ನೆರಡು ಉತ್ತರ ಬಂದಿದ್ದವು. ಹೊಸದರಿಂದ ಹಳೆಯದಕ್ಕೆ ಒಂದೊಂದಾಗಿ ಓದತೊಡಗಿದರು. ಚುಟುಕಮ್ಮ ಪಕ್ಕದಲ್ಲಿ ನಿಂತಳು.

"ಇವನ್ನೆಲ್ಲ ಓದಿ ಏನು ಸಿಗುತ್ತೆ ಅಕ್ಕ? ಬದಲಾಯಿಸಿದೋರು ಇಲ್ಲಿಗೆ ಬರೀತಾರಾ?"

"ನನಗೆ ಬರೋದು ಇದೊಂದೇ, ಓದ್ತೀನಿ. ನೀನೊಂದು ಹೇಳು. ಎರಡು ತಿಂಗಳ ಹಿಂದೆ 'ನಿಮ್ಮ ಹೆಸರು ಪಟ್ಟಿಯಲ್ಲಿದೆ' ಅಂತ ಬರೆದೋಳು ನೀನೇ ತಾನೆ? ಯಾವ ಪಟ್ಟಿ ಅದು?"

ಚುಟುಕಮ್ಮ ತಲೆ ತಗ್ಗಿಸಿದಳು. "ಮೇಲ್ ಕಳಿಸೋರ ಪಟ್ಟಿ."

"ಗೆದ್ದೋರ ಪಟ್ಟಿ ಅಂದ್ಕೊಂಡು ಅವತ್ತೂ ನೂರಾರು ಜನ ನನಗೆ ಬರೆದ್ರು. ಬಾಗಿಲಿಗೆ ಯಾರೂ ಬರಲಿಲ್ಲ, ಅಷ್ಟೇ."

ಟಪಾಲಕ್ಕ ಬೈಯುತ್ತಿರಲಿಲ್ಲ. ಬೈದಿದ್ದರೇ ಹಗುರವಾಗುತ್ತಿತ್ತು. ಆ ಸಾಲನ್ನು ಮೇಷ್ಟ್ರು ಮೆಚ್ಚಿದ್ದು, ತಾನು ಅವತ್ತಿಡೀ ಉಬ್ಬಿಕೊಂಡು ಓಡಾಡಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಸಾಲು ಯಾರ ಫೋನಿಗೆ ಹೋಗುತ್ತದೆಂದು ಅವಳು ಯೋಚಿಸಿರಲೇ ಇಲ್ಲ.

ಹನ್ನೊಂದೂವರೆಗೆ ಟಪಾಲಕ್ಕನ ಬೆರಳು ನಿಂತಿತು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. "ಎಲ್ಲರನ್ನೂ ಕರಿ," ಎಂದರು.

ಟಪಾಲಕ್ಕನ ಮೇಜಿನ ಸುತ್ತ ಮತ್ತೆ ಐದು ಜನ ಸೇರಿದರು.

"ನಮ್ಮಲ್ಲೊಂದು ಪದ್ಧತಿ ಇದೆ," ಟಪಾಲಕ್ಕ ಶುರು ಮಾಡಿದರು. "ಮೇಲ್ ಜನಕ್ಕೆ ಹೋಗೋ ಮುಂಚೆ ಅದರ ನಮೂನೆ ನಮ್ಮ ನಾಲ್ಕು ಜನಕ್ಕೆ ಬರುತ್ತೆ. ನೋಡಿ, ಅದಕ್ಕೇ ಉತ್ತರವಾಗಿ 'ಸರಿ' ಅಂತ ಬರೀಬೇಕು. ನಾಲ್ಕು 'ಸರಿ' ಬಂದ ಮೇಲೇ ಚುಟುಕಮ್ಮ ಮೇಲ್ ಹೊರಡೋ ಹೊತ್ತು ಗೊತ್ತು ಮಾಡ್ಬೇಕು. ಅಲ್ವಾ?"

"ಹದಿನೈದು ವರ್ಷದಿಂದ ಹಾಗೇ ನಡೀತಿದೆ," ಎಂದರು ಮೇಷ್ಟ್ರು.

"ನಿನ್ನೆ ಯಾರ್ಯಾರು ಎಷ್ಟು ಸಲ 'ಸರಿ' ಅಂದ್ರಿ?"

"ಇದೇನು ಪ್ರಶ್ನೆ? ಒಂದು ಸಲ," ಎಂದರು ಯಜಮಾನರು.

"ಒಂದೇ ಸಲ. ಐದು ಗಂಟೆಗೆ ಮುಂಚೆ," ಎಂದ ವೈರಣ್ಣ.

"ಒಂದು ಸಲ," ಎಂದರು ಮೇಷ್ಟ್ರು.

"ನಾನೂ ಒಂದೇ," ಎಂದರು ಟಪಾಲಕ್ಕ. "ಆ ನಾಲ್ಕೂ ಉತ್ತರ ಹಳೇ ಸಾಲಿಗೇ ಬಂದಿವೆ, ನೋಡಿದೆ. ಹಾಗಾದ್ರೆ ನಮ್ಮಲ್ಲಿ ಯಾರೂ ಈ ಹೊಸ ಸಾಲನ್ನ ನಿನ್ನೆ ನೋಡಿಲ್ಲ?"

ಯಾರೂ ನೋಡಿರಲಿಲ್ಲ.

"ಜನಕ್ಕೆ ಮೇಲ್ ಹೋಗಿದ್ದು ಇವತ್ತು ಬೆಳಿಗ್ಗೆ ಏಳಕ್ಕೆ. ಹೊಸ ಸಾಲಿನ ಉತ್ತರಗಳೆಲ್ಲ ಬಂದಿರೋದು ಏಳರ ನಂತರ. ಒಂದನ್ನ ಬಿಟ್ಟು." ಟಪಾಲಕ್ಕ ಕಂಪ್ಯೂಟರನ್ನು ಎಲ್ಲರ ಕಡೆ ತಿರುಗಿಸಿದರು. "ಇದು ನಿನ್ನೆ ಸಂಜೆ ಆರು ಎಂಟಕ್ಕೆ ಬಂದಿದೆ. 'ನೀವು ಗೆದ್ದ ಹೊಲಿಗೆ ಯಂತ್ರ ಸಿದ್ಧವಾಗಿದೆ' ಅನ್ನೋ ಮೇಲ್‌ಗೇ ಬಂದ ಉತ್ತರ. ಮೇಲ್ ಇನ್ನೂ ಹೋಗೇ ಇಲ್ಲ, ಉತ್ತರ ಹೇಗೆ ಬಂತು?"

ವೈರಣ್ಣನ ಮುಖ ಮೊದಲು ಬದಲಾಯಿತು. "ಬದಲಾಯಿಸಿದೋರು ತಮಗೇ ಒಂದು ನಮೂನೆ ಕಳಿಸ್ಕೊಂಡಿದಾರೆ. ಫೋನಲ್ಲಿ ಹೇಗೆ ಕಾಣುತ್ತೆ ಅಂತ ನೋಡೋಕೆ."

"ಕಳ್ಳತನದಲ್ಲೂ ಕೆಲಸ ಅಚ್ಚುಕಟ್ಟು," ಎಂದರು ಟಪಾಲಕ್ಕ. "ಯಾವ ಬರಹಗಾರನೂ ನೋಡದೆ ಕಳಿಸಲ್ಲ. ನೋಡಿ ಆದ ಮೇಲೆ ಬೆರಳು ತಾನಾಗೇ ಹೋಗಿದೆ. ಹದಿನೈದು ವರ್ಷದ ಅಭ್ಯಾಸ. ಒಂದೇ ಪದದ ಉತ್ತರ. 'ಸರಿ.' ಬರೆದದ್ದು ಅವರಿಗೇ ಗೊತ್ತಾಗಿಲ್ಲ."

"ಯಾರದ್ದು ಅದು?" ಯಜಮಾನರ ದನಿ ತಗ್ಗಿತ್ತು.

ಟಪಾಲಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆಸರು ಹೇಳಲು ಅವರಿಗೂ ಮನಸ್ಸಿರಲಿಲ್ಲ.

"ಮೇಷ್ಟ್ರೇ, ನೀವು ನಿನ್ನೆ ಎರಡು ಸಲ 'ಸರಿ' ಅಂದಿದೀರಿ."

ಮೇಷ್ಟ್ರು ಇಲ್ಲವೆನ್ನಲಿಲ್ಲ. ಪರದೆಯ ಮೇಲಿದ್ದ ಆ ಪದವನ್ನೇ ನೋಡುತ್ತಿದ್ದರು.

ಚುಟುಕಮ್ಮನಿಗೆ ಸಮಾಧಾನವಾಗಬೇಕಿತ್ತು. ಕೆಲಸ ಉಳಿದಿತ್ತು. ಆದರೆ ಬೆಳಿಗ್ಗೆ ಯಜಮಾನರು ಗದರಿದಾಗ ಆಗದಿದ್ದ ಸಂಕಟ ಈಗ ಆಯಿತು.

"ಯಾಕೆ ಮೇಷ್ಟ್ರೇ?"

"ಹೋದ ವಾರ ಸಾರ್ ಹೇಳಿದ್ದನ್ನ ಕೇಳಿದ್ಯಲ್ಲ. ನೀನು ಬರೆದ ಸಾಲು ಒಳ್ಳೇದೇ. ಆದ್ರೆ ಅದನ್ನ ನೋಡಿ ಯಾರೂ ತೆರೀತಿರಲಿಲ್ಲ. ನಿನ್ನ ಮನೆ ಪರಿಸ್ಥಿತಿ ನನಗೆ ಗೊತ್ತಿಲ್ವಾ? ಒಂದು ಸಲ ತೆರೆದೋರ ಅಂಕಿ ಮೇಲೆ ಹೋದ್ರೆ ನಿನ್ನ ಕೆಲಸ ಉಳಿಯುತ್ತೆ ಅಂದ್ಕೊಂಡೆ. ಒಳಗೆ ಎಲ್ಲ ಸರಿಯಾಗೇ ಇದೆ, ಓದಿದ್ರೆ ತಿಳಿಯುತ್ತೆ ಅಂದ್ಕೊಂಡೆ. ಜನ ಗಾಡಿ ತಗೊಂಡು ಬರ್ತಾರೆ ಅಂತ ಅಂದ್ಕೊಂಡಿರಲಿಲ್ಲ."

"ನನಗೋಸ್ಕರ ಮಾಡಿದ್ರಿ. ಒಪ್ಪಿದೆ. ಹಾಗಿದ್ರೆ ಬೆಳಿಗ್ಗೆ ಎಲ್ಲ ನನ್ನ ಮೇಲೆ ಬಂದಾಗ ಯಾಕೆ ಸುಮ್ಮನಿದ್ರಿ?"

ಮೇಷ್ಟ್ರು ಪರದೆಯಿಂದ ಕಣ್ಣು ತೆಗೆದು ಅವಳತ್ತ ನೋಡಿದರು.

"ಅಷ್ಟೊತ್ತಿಗೆ ನನ್ನ ಕೆಲಸ ಉಳಿಸ್ಕೋಬೇಕಾಗಿತ್ತು," ಎಂದರು.

ಯಜಮಾನರು ಏನೋ ಹೇಳಲು ಬಾಯಿ ತೆರೆದರು. "ನೀವು ಸ್ವಲ್ಪ ಇರಿ ಸಾರ್," ಎಂದರು ಟಪಾಲಕ್ಕ. "ಬದಲಾಯಿಸಿದ್ದು ಇವರು. ಹೆದರಿಸಿದ್ದು ನೀವು. ಕಂಪನಿಗೆ ಹೇಳೋವಾಗ ಎರಡೂ ಹೇಳಿ."

ಬಾಗಿಲು ಅರ್ಧ ತೆರೆಯಿತು. ಟೈಲರ್ ಅಮ್ಮ ಇಣುಕಿದರು. ಜೋರಾಗಿ ಕೇಳಲು ಆಕೆಗೆ ಸಂಕೋಚ.

"ಇನ್ನೂ ಎಷ್ಟೊತ್ತಾಗುತ್ತಮ್ಮ? ನಾಳೆ ಕೊಡೋ ಬಟ್ಟೆ ಇದೆ, ಹೋಗಿ ಹೊಲೀಬೇಕು."

ಮೇಷ್ಟ್ರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಚುಟುಕಮ್ಮ ಅವರನ್ನು ತಡೆಯಲಿಲ್ಲ.

"ಮೊದಲನೇ ಮಾತಲ್ಲೇ ನಿಜ ಹೇಳಿಬಿಡಿ ಮೇಷ್ಟ್ರೇ," ಎಂದಳು. "ಕೊನೇವರೆಗೂ ಅವರು ಕೇಳಿಸ್ಕೊಳ್ಳಲ್ಲ."