ಜಿ. ಬಿ., ವಯಸ್ಸು ಹತ್ತೊಂಬತ್ತು

೧೯೪೬ರ ಡಿಸೆಂಬರ್ ತಿಂಗಳ ಎರಡನೆಯ ಐತವಾರ ಟಿಕೋಟಾದಲ್ಲಿ ಅತ್ಯಂತ ಗಂಭೀರವಾದ ಘಟನೆಯೊಂದು ನಡೆಯಿತು. ಗೌರಾಬಾಯಿ ಡಾಕ್ಟರ್ ಗುರುಪಾದಯ್ಯನವರಿಗೆ ಚಹಾ ಕೊಡಲಿಲ್ಲ!

ವಿಜಾಪುರದ ಜೋರಾಪುರ ಪೇಟೆಯಲ್ಲಿ ದವಾಖಾನೆ ಇಟ್ಟಿದ್ದ ಈ ಡಾಕ್ಟರು ಪ್ರತಿ ಐತವಾರ ಮೋಟಾರು ಹಿಡಿದು ಬರುವುದು, ಅವಳ ನಾಡಿ ನೋಡುವುದು, ಥರ್ಮಾಮೀಟರ್ ಇಡುವುದು, ಚಹಾ ಕುಡಿದು ಹೋಗುವುದು... ಓಣಿಗೆಲ್ಲ ಇದೇ ಗಡಿಯಾರವಾಗಿತ್ತು. ಇವತ್ತು ಅರ್ಧ ತಾಸು ಕೂತರೂ ಕಪ್ಪು-ಬಸಿಯ ಸಪ್ಪಳವೇ ಇಲ್ಲ.

“ಕೈ ತೋರಸ್ರಿ...”

“ತೋರ್ಸೂದಿಲ್ಲ.”

ನಡೆದದ್ದು ಇಷ್ಟು. ಚೈತ್ರದಲ್ಲಿ ಅವಳಿಗೆ ಮುದ್ದತಿನ ಜ್ವರ, ಅಂದರೆ ಟೈಫಾಯ್ಡ್, ಬಂದಿತ್ತು. ಜ್ವರ ಬಿಟ್ಟಿತು, ಹೋಗುವಾಗ ಮಾತನ್ನು ಹೊತ್ತುಕೊಂಡು ಹೋಯಿತು. ನಲವತ್ತು ದಿನ ತುಟಿ ಅಲುಗಿದರೂ ದನಿ ಹೊರಡಲಿಲ್ಲ. ತಾಯಿ ಗುರುಸಿದ್ದವ್ವ ಯಾವ ದೇವರನ್ನೂ ಬಿಡದೆ ಹರಕೆ ಹೊತ್ತಳು. ಡಾಕ್ಟರು ಎದುರಿಗೆ ಕೂತು ಕೂಸಿಗೆ ಕಲಿಸುವಂತೆ ಒಂದೊಂದೇ ಅಕ್ಷರ ಆಡಿ ತೋರಿಸಿದರು.

ನಲವತ್ತೊಂದನೆಯ ದಿನ ಅವರು ಹೊಸ್ತಿಲು ದಾಟಿದಾಗ ಅವಳ ಬಾಯಿಂದ ಬಂದ ಮೊದಲ ಮಾತು:

“ಬಂದ್ರಿ?”

ಆಗ ಮನೆಯಲ್ಲಿ ಮತ್ತಾರೂ ಇರಲಿಲ್ಲ. ಅವಳು ತಾಯಿಗೂ ಹೇಳಿರಲಿಲ್ಲ. ಅದು ತಮ್ಮಿಬ್ಬರದೇ ಎಂದುಕೊಂಡಿದ್ದಳು, ಹುಚ್ಚಿ!

ಮೊನ್ನೆ ಸೋದರಮಾವ ಈರಯ್ಯ ಮಾಸ್ತರರು ಮುಂಬಯಿಯ ಒಂದು ಇಂಗ್ಲಿಷ್ ವೈದ್ಯಕೀಯ ಮಾಸಿಕ ಹಿಡಿದು ಬಂದರು. ತಾವು ಬರೆದದ್ದು ಅಚ್ಚಾಗಿದೆಯೆಂದು ಡಾಕ್ಟರೇ ಹೆಮ್ಮೆಯಿಂದ ಕೊಟ್ಟಿದ್ದರಂತೆ. ಮಾಸ್ತರರು ಅಂಗಳದಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ಪುರಾಣ ಹೇಳುವ ಧಾಟಿಯಲ್ಲಿ ಕನ್ನಡ ಮಾಡಿ ಓದಿದರು.

“ರೋಗಿ ಜಿ. ಬಿ. ಹೆಣ್ಣು. ವಯಸ್ಸು ಹತ್ತೊಂಬತ್ತು. ಊರು ಟಿಕೋಟಾ. ಬಡಕಲು ಮೈ...”

“ಯವ್ವಾ, ನಮ್ಮ ಗೌರಾ ಅಲ್ಲೇನ ಬೇ ಇಕಿ!” ನೆರೆಮನೆಯ ಸಕ್ರವ್ವ ಬಾಯಿಗೆ ಸೆರಗು ಹಚ್ಚಿದಳು.

“ಸುಮ್ನ ಕೂಡವಾ. ಮುಂದ ಕೇಳು: ರೋಗಿ ಆಡಿದ ಮೊದಲ ಮಾತು, ‘ಬಂದ್ರಿ?’”

“ಯಾರ ಬಂದಿದ್ರಂತ ಬರದಾರೇನ್ರಿ ಮಾಸ್ತರ?”

ಅಂಗಳವೆಲ್ಲ ನಕ್ಕಿತು. ಗೌರಾಬಾಯಿ ಒಳಗೆ ಓಡಿದಳು.

‘ನಿದ್ದಿ ಬಂತೇನು, ಯಾಕ ಅತ್ರಿ ಅಂತ ಅಷ್ಟು ಮೆತ್ತಗ ಕೇಳ್ತಿದ್ದದ್ದು... ಛಾಪಸಾಕ? ನಾ ಇವರಿಗೆ ಮನುಷ್ಯಾಳ ಅಲ್ಲ, ಒಂದು ಕೇಸು!’

ಅಳು ಮುಗಿದ ಮೇಲೆ ಅವಳು ಮಾವನಿಂದ ಕೊನೆಯ ಸಾಲನ್ನು ಮೂರು ಸಲ ಓದಿಸಿಕೊಂಡಿದ್ದಳು.

ಈಗ ಅವಳು ಆ ಮಾಸಿಕವನ್ನು ಮುಂದಿಟ್ಟಾಗ ಡಾಕ್ಟರು ತಡವರಿಸಿದರು. “ಹೆಸರು ಹಾಕಿಲ್ಲಲ್ರಿ ಗೌರಾಬಾಯಿ...”

“ಹೆಸರ ಯಾರ ಕೇಳ್ಯಾರ? ನನ್ನ ಮಾತ ಹಾಕೀರಿ! ನನ್ನ ಒಂದ ಸಲ ಕೇಳಿದ್ರೇನು?”

“ಇಂಥಾ ಕೇಸ್ ಅಪರೂಪ ಅಂತ...”

“ಹಾಂ, ಕೇಸ್!” ಅವಳು ಆ ಕೊನೆಯ ಸಾಲನ್ನು ಬಾಯಿಪಾಠ ಒಪ್ಪಿಸಿದಳು. “‘ಜೂನ್ ಹತ್ತಕ್ಕೆ ರೋಗಿ ಪೂರಾ ಗುಣ. ಮುಂದೆ ತಪಾಸಣೆ ಬೇಕಾಗಿಲ್ಲ.’ ನೀವ ಬರದೀರಿ. ಇದು ಡಿಸೆಂಬರ್ ಐತಿ! ಬ್ಯಾಡಾದ ತಪಾಸಣಿಗೆ ಆರು ತಿಂಗಳ ಯಾಕ ಬಂದ್ರಿ? ನನ್ನ ನಾಡಿ ಹಿಡದು ಏನ ನೋಡ್ತಿದ್ರಿ? ಅದೂ ಸುಳ್ಳೇನು?”

ಯಾವ ಮಾಸಿಕಕ್ಕಾದರೂ ಕಳಿಸಬಹುದಾದ ಅಪರೂಪದ ಪ್ರಸಂಗ: ಜ್ವರವಿಲ್ಲದೆಯೇ ಡಾಕ್ಟರ ಮಾತು ಹೋಯಿತು.

“ಸುಳ್ಳಲ್ಲ,” ಎಂದರು ಕಡೆಗೆ. “ಥರ್ಮಾಮೀಟರ್ ನೆಪ ಇತ್ತು... ನಿಮ್ಮನ್ನ ನೋಡಾಕ ಬರ್ತಿದ್ನಿ.”

“ಹಂಗಾದ್ರ ಆ ಮಾತ ಯಾಕ ಮಂದಿ ಕೈಯಾಗ ಕೊಟ್ರಿ?”

“ಅಷ್ಟು ಛಲೋ ಮಾತು ನನಗ ಯಾರೂ ಆಡಿರಲಿಲ್ಲ, ಗೌರಾ. ಎಲ್ಲಾರಿಗೂ ತೋರಸಬೇಕನಿಸ್ತು. ತಪ್ಪಾತು... ದೊಡ್ಡ ತಪ್ಪು.”



“ಇನ್ನ ನಾ ಆಡಿದ್ದು ಒಂದಕ್ಷರಾನೂ ಬರೀಬಾರ್ದು.”

“ಬರ್ಯಾಂಗಿಲ್ಲ.”

“ಹಿಂಗ ಐತವಾರಕ್ಕೊಮ್ಮಿ ಬರೂದೂ ಬ್ಯಾಡ.”

ಅವರ ಮುಖ ಬಿಳಿಚಿತು.

“ಮುಂದಿನ ಸಲ ಹಿರ್ಯಾರನ್ನ ಕರ್ಕೊಂಡು ಬರ್ರಿ.”

ಚಹಾ ಬಂತು, ಸಕ್ಕರೆ ಹಾಕಿರಲಿಲ್ಲ. ಡಾಕ್ಟರು ಕುಡಿದರು. ವೈಶಾಖದಲ್ಲಿ ಮದುವೆಯಾಯಿತು.